ಐದು ಜಿಂಕೆಗಳನ್ನು ತಂದವರು

ಅಮೆರಿಕಕ್ಕೆ ಬಂದು ಮೂರು ತಿಂಗಳಾಗಿತ್ತು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ನಾನಿದ್ದ ವಿದ್ಯಾರ್ಥಿನಿಲಯದಲ್ಲಿ ಮನುಷ್ಯರ ಸದ್ದೇ ಇರಲಿಲ್ಲ. ಕ್ಯಾಂಟೀನು ಮುಚ್ಚಿತ್ತು, ಗ್ರಂಥಾಲಯ ಮುಚ್ಚಿತ್ತು, ಬೀದಿ ಕೊನೆಯ ಕಾಫಿ ಅಂಗಡಿಯೂ ಮುಚ್ಚಿತ್ತು. ಅಂದು ಥ್ಯಾಂಕ್ಸ್‌ಗಿವಿಂಗ್. ನಮ್ಮ ವಿಭಾಗದ ಕಚೇರಿಯಲ್ಲಿ ಕೆಲಸ ಮಾಡುವ ಹಿರಿಯ ಹೆಂಗಸೊಬ್ಬರು, ಆ ದಿನ ಯಾರೂ ಒಬ್ಬರೇ ಕೂತು ಉಣ್ಣಬಾರದು ಎಂದು ವಾರ ಮುಂಚೆಯೇ ಹೇಳಿ, ಬಾಸ್ಟನ್ ಹೊರವಲಯದ ತಮ್ಮ ಮನೆಗೆ ಕರೆದಿದ್ದರು. ಊಟ ಮಧ್ಯಾಹ್ನ ಮೂರಕ್ಕೆ. ಅಷ್ಟು ತಡವಾಗಿ ಉಣ್ಣುವುದು ನಮ್ಮ ಮನೆಯಲ್ಲಿ ಶ್ರಾದ್ಧದ ದಿನ ಮಾತ್ರ.

ಮೇಜಿನ ನಡುವೆ ಇಡಿಯಾಗಿ ಬೇಯಿಸಿದ ಟರ್ಕಿ. ಸುತ್ತ ಹಿಸುಕಿದ ಆಲೂಗಡ್ಡೆ, ಬೀನ್ಸ್, ಮೆಕ್ಕೆಜೋಳದ ಬ್ರೆಡ್ಡು, ನಾಲಗೆಗಿಟ್ಟರೆ ಕರಂಡೆಕಾಯಿ ನೆನಪಾಗುವ ಕ್ರ್ಯಾನ್‌ಬೆರಿ ಗೊಜ್ಜು. ಟರ್ಕಿಯ ಪಕ್ಕದಲ್ಲೇ ಒಂದು ದೊಡ್ಡ ತಟ್ಟೆ ಲಸಾನ್ಯ. ಮನೆಯೊಡತಿಯ ಅಜ್ಜಿ ಇಟಲಿಯಿಂದ ಬಂದವರಂತೆ. ಆಕೆಗೆ ಟರ್ಕಿ ಬೇಯಿಸಲು ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಎರಡನ್ನೂ ಮಕ್ಕಳು ಶಾಲೆಯಲ್ಲಿ ಕಲಿತು ಬಂದು ಅಮ್ಮನಿಗೆ ಹೇಳಿಕೊಟ್ಟರಂತೆ. ಅಂದಿನಿಂದ ಆ ಮನೆಯ ಹಬ್ಬದಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ನಾನು ಮಾಂಸ ತಿನ್ನುವುದಿಲ್ಲವೆಂದು ಟರ್ಕಿಯ ಹೊಟ್ಟೆಯೊಳಗೆ ತುಂಬುವ ಬ್ರೆಡ್ಡಿನ ಸ್ಟಫಿಂಗನ್ನು ನನಗಾಗಿ ಬೇರೆ ಪಾತ್ರೆಯಲ್ಲಿ ಮಾಡಿದ್ದರು. ಕೊನೆಗೆ ಕುಂಬಳಕಾಯಿ ಪೈ. ದಾಲ್ಚಿನ್ನಿ, ಲವಂಗ, ಜಾಯಿಕಾಯಿ ಹಾಕಿದ ಅದರ ಪರಿಮಳ ಮಾತ್ರ ನನಗೆ ಹೊಸತಾಗಿರಲಿಲ್ಲ.

ಬಡಿಸುವ ಮೊದಲು ಎಲ್ಲರೂ ಸರದಿಯಂತೆ ತಾವು ಯಾವುದಕ್ಕೆ ಕೃತಜ್ಞರು ಎಂದು ಹೇಳಬೇಕು. ನನ್ನ ಸರದಿ ಬಂದಾಗ ‘ಈ ಊಟಕ್ಕೆ’ ಎಂದೆ. ಅದು ಬರಿಯ ಉಪಚಾರದ ಮಾತಾಗಿರಲಿಲ್ಲ. ಮೂರು ತಿಂಗಳು ಕುಕ್ಕರಿನ ಮುಂದೆ ನಿಂತೇ ಒಂಟಿಯಾಗಿ ಉಂಡವರಿಗೆ ಹತ್ತು ಜನರ ನಡುವಿನ ಒಂದು ಕುರ್ಚಿ ಏನೆಂದು ಗೊತ್ತಿರುತ್ತದೆ.

ಆಮೇಲೆ ಆ ಮನೆಯ ಮೊಮ್ಮಗ, ಎರಡನೆಯ ತರಗತಿಯ ಹುಡುಗ, ಕಪ್ಪು ಕಾಗದದ ಟೋಪಿ ಹಾಕಿಕೊಂಡು ಬಂದು ನನಗೆ ಹಬ್ಬದ ಕತೆ ಹೇಳಿದ. ಮೇಜಿನಲ್ಲಿ ಕತೆ ಗೊತ್ತಿಲ್ಲದವಳು ಅಥವಾ ಗೊತ್ತಿಲ್ಲದವನು ಅಂದರೆ ನಾನೊಬ್ಬ ವ್ಯಕ್ತಿಯೇ ಆದ್ದರಿಂದ ಕತೆ ನನ್ನನ್ನೇ ಉದ್ದೇಶಿಸಿದ್ದು. ಪಿಲ್‌ಗ್ರಿಮ್‌ಗಳು ಹಡಗಿನಲ್ಲಿ ಬಂದರು, ಹಸಿವಿನಿಂದ ಸತ್ತರು, ಉಳಿದವರು ಬೆಳೆ ಬೆಳೆದರು, ಖುಷಿಯಿಂದ ಇಂಡಿಯನ್ನರನ್ನು ಊಟಕ್ಕೆ ಕರೆದರು. ನಾನು ಇಂಡಿಯಾದಿಂದ ಬಂದದ್ದೆಂದು ಯಾರೋ ಹೇಳಿದಾಗ ಅವನ ಕಣ್ಣು ದೊಡ್ಡದಾಯಿತು. ‘ಹಾಗಾದರೆ ಆವತ್ತು ಬಂದದ್ದು ನಿಮ್ಮವರಾ?’ ಎಂದು ಕೇಳಿದ. ಎಲ್ಲರೂ ನಕ್ಕರು. ಮನೆಯೊಡತಿ ಮುಜುಗರಪಟ್ಟು ಅವನನ್ನು ತಿದ್ದಿದರು. ನಾನೂ ನಕ್ಕೆ.

ರಾತ್ರಿ ಕುಂದಾಪುರದ ಕಡೆಯ ನಮ್ಮ ಮನೆಗೆ ಫೋನು ಮಾಡಿ ಎಲ್ಲವನ್ನೂ ವರ್ಣಿಸಿದೆ. ಅಮ್ಮ ಕೇಳಿದ್ದು ಎರಡೇ ಪ್ರಶ್ನೆ. ಒಂದು, ‘ಅದ್ ಅವ್ರ್ ಹೊಸ್ತ್ ಅಲ್ದಾ?’ ಹೊಸ ಬೆಳೆ ಬಂದಾಗ ಹೊಸ ಅಕ್ಕಿಯಲ್ಲಿ ಮಾಡುವ ನಮ್ಮ ಹೊಸ್ತಿನ ಊಟದಂಥದ್ದೇ ಎಂದು ಅವಳಿಗೆ ತಟ್ಟನೆ ಹೊಳೆದಿತ್ತು. ಇನ್ನೊಂದು, ‘ಬಡ್ಸಿದ್ದ್ ಯಾರ್?’

ಮೊದಲನೆಯದಕ್ಕೆ ಹೌದೆಂದೆ. ಎರಡನೆಯದನ್ನು ಯಾಕೆ ಕೇಳಿದಳೆಂದು ಅಂದು ಯೋಚಿಸಲಿಲ್ಲ. ಮುಂದಿನ ಒಂದು ವರ್ಷ ಈ ಹಬ್ಬವನ್ನು ಕಟ್ಟಿದ ಬರಹಗಳನ್ನು ಓದುತ್ತ ಹೋದಾಗ, ಅವುಗಳನ್ನು ಓದಲು ಅಮ್ಮನ ಆ ಪ್ರಶ್ನೆಗಿಂತ ಒಳ್ಳೆಯ ವಿಮರ್ಶೆಯ ಸಲಕರಣೆ ನನಗೆ ಸಿಗಲಿಲ್ಲ.

*

ಹುಡುಗ ಹೇಳಿದ ಕತೆಯ ಮೂಲ ಒಂದು ಕಾಗದ. ಮೇಫ್ಲವರ್ ಹಡಗಿನಲ್ಲಿ ಬಂದ ಎಡ್ವರ್ಡ್ ವಿನ್ಸ್‌ಲೋ 1621ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಗೆಳೆಯನಿಗೆ ಬರೆದದ್ದು. ಮರುವರ್ಷ ಅದು ಲಂಡನ್ನಿನಲ್ಲಿ ‘ಮೋರ್ಟ್ಸ್ ರಿಲೇಷನ್’ ಎಂದು ಹೆಸರಾದ ಪುಸ್ತಕದಲ್ಲಿ ಅಚ್ಚಾಯಿತು. ಪ್ಲಿಮತ್‌ಗೆ ಬಂದ 102 ಪ್ರಯಾಣಿಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಸತ್ತಿದ್ದರು. ಉಳಿದವರ ಮೊದಲ ಸುಗ್ಗಿಯ ಸುದ್ದಿ ಈ ಕಾಗದದಲ್ಲಿದೆ. ಔತಣಕ್ಕೆ ಸಿಕ್ಕಿರುವ ಜಾಗ ಕೆಲವೇ ಸಾಲು.

ಆ ಸಾಲುಗಳಲ್ಲಿ ಇರುವುದಿಷ್ಟು. ಸುಗ್ಗಿ ಮುಗಿದ ಮೇಲೆ ಗವರ್ನರ್ ನಾಲ್ವರನ್ನು ಹಕ್ಕಿ ಬೇಟೆಗೆ ಕಳಿಸಿದ. ಅವರು ಒಂದೇ ದಿನದಲ್ಲಿ ವಾರಕ್ಕಾಗುವಷ್ಟು ಹಕ್ಕಿಗಳನ್ನು ತಂದರು. ಬಂದೂಕಿನ ಕಸರತ್ತು ನಡೆಯಿತು. ಬಹಳ ಮಂದಿ ಇಂಡಿಯನ್ನರು ಬಂದರು. ಅವರ ದೊಡ್ಡ ಅರಸ ಮಸಾಸಾಯಿಟ್ ಸುಮಾರು ತೊಂಬತ್ತು ಜನರೊಂದಿಗೆ ಬಂದ. ಮೂರು ದಿನ ಅವರಿಗೆ ಉಪಚಾರ ನಡೆಯಿತು. ಅವರು ಹೋಗಿ ಐದು ಜಿಂಕೆಗಳನ್ನು ಹೊಡೆದು ತಂದು ಗವರ್ನರನಿಗೂ ಕ್ಯಾಪ್ಟನನಿಗೂ ಇತರರಿಗೂ ಕೊಟ್ಟರು.

ಟರ್ಕಿ ಎಂಬ ಮಾತು ಇದರಲ್ಲಿ ಇಲ್ಲ. ಥ್ಯಾಂಕ್ಸ್‌ಗಿವಿಂಗ್ ಎಂಬ ಮಾತೂ ಇಲ್ಲ. ಹುಡುಗನ ಕತೆಯ ಬೆನ್ನೆಲುಬಾದ ಆಮಂತ್ರಣ ಕೂಡ ಇಲ್ಲ. ಕರೆದರು ಎಂದು ವಿನ್ಸ್‌ಲೋ ಎಲ್ಲಿಯೂ ಹೇಳುವುದಿಲ್ಲ, ಬಂದರು ಎನ್ನುತ್ತಾನೆ ಅಷ್ಟೆ. ಬೇಯಿಸಿದವರು ಯಾರು, ಬಡಿಸಿದವರು ಯಾರು ಎಂಬುದಂತೂ ಇಲ್ಲವೇ ಇಲ್ಲ.

ಇನ್ನು ವಾಕ್ಯಗಳ ಕರ್ತೃಪದಗಳನ್ನು ನೋಡಿ. ಉಪಚರಿಸಿದ್ದು ‘ನಾವು’. ಜಿಂಕೆ ತಂದದ್ದು ‘ಅವರು’. ಐವತ್ತು ಜನರ ವಸತಿಗೆ ತೊಂಬತ್ತು ಜನ ಬಂದಿದ್ದಾರೆ, ಬಂದವರು ಐದು ಜಿಂಕೆ ತಂದಿದ್ದಾರೆ, ಊಟ ನಡೆದಿರುವ ನೆಲವೂ ಅವರದ್ದೇ. ಪ್ಲಿಮತ್ ಎದ್ದು ನಿಂತದ್ದು ಪಟಕ್ಸೆಟ್ ಎಂಬ ವಾಂಪನೋಆಗ್ ಜನರ ಹಳ್ಳಿಯಿದ್ದ ಜಾಗದಲ್ಲಿ. 1616ರಿಂದ 1619ರ ನಡುವೆ ಬಂದ ಸಾಂಕ್ರಾಮಿಕ ರೋಗ ಆ ಹಳ್ಳಿಯನ್ನು ಬರಿದು ಮಾಡಿತ್ತು. ಪಿಲ್‌ಗ್ರಿಮ್‌ಗಳಿಗೆ ಮೆಕ್ಕೆಜೋಳ ನೆಡಲು ಕಲಿಸಿದ ಟಿಸ್ಕ್ವಾಂಟಮ್ ಆ ಊರಿನವನು. 1614ರಲ್ಲಿ ಒಬ್ಬ ಇಂಗ್ಲಿಷ್ ಕಪ್ತಾನ ಅವನನ್ನು ಅಪಹರಿಸಿ ಸ್ಪೇನಿಗೆ ಮಾರಲು ಒಯ್ದಿದ್ದ. ಹೇಗೋ ತಪ್ಪಿಸಿಕೊಂಡು 1619ರಲ್ಲಿ ವಾಪಸು ಬಂದರೆ ಊರೇ ಇರಲಿಲ್ಲ. ಇಷ್ಟೆಲ್ಲ ಆದ ಮೇಲೂ ವಾಕ್ಯದಲ್ಲಿ ಅತಿಥೇಯರಾಗಿ ನಿಲ್ಲುವುದು ‘ನಾವು’. ನೆಲದವರು ಅತಿಥಿಗಳಾದರು. ಇದಕ್ಕೆ ಒಂದು ಸರ್ವನಾಮ ಸಾಕಾಯಿತು.

ಹಾಗಿದ್ದರೂ ವಿನ್ಸ್‌ಲೋನ ಪರವಾಗಿ ಒಂದು ಮಾತು ಹೇಳಬೇಕು. ಅವನು ಜಿಂಕೆಗಳನ್ನು ಎಣಿಸಿ ಬರೆದ. ಬಂದವರನ್ನೂ ಎಣಿಸಿ ಬರೆದ. ಈ ಕಾಗದ ಒಂದರ್ಥದಲ್ಲಿ ಜಾಹೀರಾತು: ಇಲ್ಲಿ ಸಮೃದ್ಧಿಯಿದೆ, ಬನ್ನಿ ಎನ್ನುವುದು ಅದರ ಧಾಟಿ. ಕೊನೆಯಲ್ಲಿ ಬರುವವರಿಗೆ ಬುದ್ಧಿಮಾತುಗಳಿವೆ: ಕಿಟಕಿಗೆ ಹಚ್ಚಲು ಕಾಗದ ಮತ್ತು ಅಗಸೆ ಎಣ್ಣೆ ತನ್ನಿ, ನಿಂಬೆರಸ ತನ್ನಿ, ಬಂದೂಕು ತನ್ನಿ. ನಾನು ಹೊರಡುವ ಮುಂಚೆ ಇಲ್ಲಿನ ಹಿರಿಯ ವಿದ್ಯಾರ್ಥಿಗಳು ಕುಕ್ಕರ್ ತಾ, ಸಾರಿನ ಪುಡಿ ತಾ ಎಂದು ಬರೆದ ಪಟ್ಟಿ ನೆನಪಾಗಿ ನಗು ಬಂತು. ಬಂದವನು ಬರಲಿರುವವರಿಗೆ ಬರೆಯುವ ಕಾಗದದ ಸ್ವಭಾವವೇ ಅದು. ಆದರೆ ಆ ಜಾಹೀರಾತಿನ ನಡುವೆಯೂ ಲೆಕ್ಕ ಬಿಟ್ಟುಹೋಗಿಲ್ಲ. ಈ ಹಬ್ಬದ ಬಗ್ಗೆ ನಂತರ ಬಂದ ಎಷ್ಟೋ ಬರಹಗಳಿಗಿಂತ ಈ ಮೊದಲ ಸಾಕ್ಷಿ ಹೆಚ್ಚು ಪ್ರಾಮಾಣಿಕ. ಅದನ್ನು ಓದುವವರು ಜಿಂಕೆಗಳನ್ನು ಬಿಟ್ಟು ಓದಿದರು.

*

ಎರಡು ಶತಮಾನ ಈ ಸಾಲುಗಳನ್ನು ಯಾರೂ ಹಬ್ಬದ ಹುಟ್ಟು ಎಂದು ಓದಿರಲಿಲ್ಲ. ನ್ಯೂ ಇಂಗ್ಲೆಂಡಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಬೇರೆಯಾಗಿಯೇ ಇತ್ತು: ಚರ್ಚಿಗೆ ಹೋಗುವುದು, ಮನೆಯವರು ಸೇರಿ ಉಣ್ಣುವುದು. ಆ ಹಬ್ಬಕ್ಕೆ ಕಾದಂಬರಿಯಲ್ಲಿ ನೆಲೆ ಕೊಟ್ಟವರು ಸಾರಾ ಜೊಸೆಫಾ ಹೇಲ್. 1827ರ ಅವರ ‘ನಾರ್ತ್‌ವುಡ್’ ಕಾದಂಬರಿಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟದ ದೀರ್ಘ ವರ್ಣನೆಯಿದೆ. ಮೇಜಿನ ತುದಿಯಲ್ಲಿ ಟರ್ಕಿ, ಕೋಳಿಯ ಪೈ, ದನ ಹಂದಿ ಕುರಿಯ ಮಾಂಸ, ಉಪ್ಪಿನಕಾಯಿ, ಕೊನೆಗೆ ಕುಂಬಳಕಾಯಿ ಪೈ. ಇಂದಿನ ಮೇಜನ್ನು ಬಹುಮಟ್ಟಿಗೆ ಹಾಕಿಕೊಟ್ಟದ್ದು 1621 ಅಲ್ಲ, ಈ ಅಧ್ಯಾಯ.

ವಿಮರ್ಶೆಯ ದೃಷ್ಟಿಯಿಂದ ನನಗೆ ಮುಖ್ಯವಾಗಿ ಕಂಡದ್ದು ಹೇಲ್ ಆ ಮೇಜಿಗೆ ಕರೆತರುವ ಒಬ್ಬ ಅಪರಿಚಿತ. ಮನೆಗೆ ಮರಳುವ ಮಗನ ಜೊತೆ ಫ್ರ್ಯಾಂಕ್‌ಫರ್ಡ್ ಎಂಬ ಇಂಗ್ಲಿಷ್ ಗೆಳೆಯ ಬರುತ್ತಾನೆ. ಅವನಿಗೆ ಈ ಹಬ್ಬ ಗೊತ್ತಿಲ್ಲ. ಆದ್ದರಿಂದ ಮನೆಯವರು ವಿವರಿಸಬೇಕು, ಹಾಗಾಗಿ ಓದುಗರಿಗೂ ವಿವರಣೆ ಸಿಗುತ್ತದೆ. ಕಾದಂಬರಿಕಾರರ ಹಳೆಯ ಉಪಾಯವಿದು. ಆದರೆ ಇದರಿಂದ ಹಬ್ಬದ ಸ್ವರೂಪವೂ ಗೊತ್ತಾಗುತ್ತದೆ. ಥ್ಯಾಂಕ್ಸ್‌ಗಿವಿಂಗ್‌ಗೆ ತಿಳಿಯದವನೊಬ್ಬ ಬೇಕು. ಅವನಿಗೆ ಹೇಳುತ್ತ ಹೇಳುತ್ತ ಮನೆಯವರು ತಮ್ಮನ್ನು ತಾವು ಅತಿಥೇಯರೆಂದು ನಂಬುತ್ತಾರೆ. ಕಾಗದದ ಟೋಪಿಯ ಹುಡುಗನ ಮುಂದೆ ನಾನು ಕೂತದ್ದು ಫ್ರ್ಯಾಂಕ್‌ಫರ್ಡ್‌ನ ಕುರ್ಚಿಯಲ್ಲಿ.

ಹೇಲ್ ಪ್ರಸಿದ್ಧ ಮಹಿಳಾ ಪತ್ರಿಕೆಯೊಂದರ ಸಂಪಾದಕಿಯಾಗಿ, ಇಡೀ ದೇಶ ಒಂದೇ ದಿನ ಈ ಹಬ್ಬ ಆಚರಿಸಬೇಕೆಂದು ವರ್ಷಗಟ್ಟಲೆ ಬರೆದರು. ಅಂತರ್ಯುದ್ಧದ ನಡುವೆ, 1863ರ ಸೆಪ್ಟೆಂಬರ್ 28ರಂದು ಲಿಂಕನ್‌ಗೆ ಕಾಗದ ಬರೆದರು. ಅಕ್ಟೋಬರ್ 3ರಂದು ಲಿಂಕನ್ ಘೋಷಣೆ ಹೊರಟಿತು. ಅದರಲ್ಲಿ ಪಿಲ್‌ಗ್ರಿಮ್‌ಗಳ ಹೆಸರಿಲ್ಲ, ಇಂಡಿಯನ್ನರ ಹೆಸರೂ ಇಲ್ಲ. ಒಡೆದ ದೇಶವನ್ನು ಒಂದು ಮೇಜಿನ ಸುತ್ತ ಕೂರಿಸುವ ಆಸೆ ಹೇಲ್ ಅವರದ್ದು. ಅದು ಸಣ್ಣ ಆಸೆಯಲ್ಲ. ಆದರೆ ಅವರೇ ಬಿಡುಗಡೆಗೊಂಡ ಕಪ್ಪುಜನರನ್ನು ಆಫ್ರಿಕದಲ್ಲಿ ನೆಲೆಗೊಳಿಸಬೇಕು ಎಂಬ ವಾದದ ಪರವಾಗಿದ್ದರು, 1853ರಲ್ಲಿ ‘ಲೈಬೀರಿಯ’ ಎಂಬ ಪುಸ್ತಕವನ್ನೂ ಬರೆದರು. ಮೇಜು ಎಷ್ಟು ಉದ್ದವಿರಬೇಕು ಎಂಬುದು ಅವರಿಗೆ ಮೊದಲೇ ತೀರ್ಮಾನವಾಗಿತ್ತು.

ಇತ್ತ 1841ರಲ್ಲಿ ಅಲೆಕ್ಸಾಂಡರ್ ಯಂಗ್ ಎಂಬಾತ ಪಿಲ್‌ಗ್ರಿಮ್‌ಗಳ ದಾಖಲೆಗಳನ್ನು ಸಂಪಾದಿಸಿ ಪ್ರಕಟಿಸುವಾಗ ವಿನ್ಸ್‌ಲೋನ ಸಾಲುಗಳಿಗೆ ಒಂದು ಅಡಿಟಿಪ್ಪಣಿ ಹಾಕಿ, ಇದೇ ಮೊದಲ ಥ್ಯಾಂಕ್ಸ್‌ಗಿವಿಂಗ್ ಎಂದ. ಹಬ್ಬಕ್ಕೂ ಕಾಗದಕ್ಕೂ ಗಂಟು ಬಿದ್ದದ್ದು ಅಲ್ಲಿ. ಸಂಶೋಧನೆ ಮಾಡುವ ನಮಗೆ ಅಡಿಟಿಪ್ಪಣಿ ಎಂದರೆ ಯಾರೂ ಓದದ ಜಾಗ. ಒಂದು ಅಡಿಟಿಪ್ಪಣಿ ಒಂದು ದೇಶದ ಹುಟ್ಟಿನ ಕತೆಯಾದದ್ದನ್ನು ನೋಡಿದ ಮೇಲೆ ನನ್ನ ಪ್ರಬಂಧದ ಅಡಿಟಿಪ್ಪಣಿಗಳನ್ನು ಬರೆಯಲು ಸ್ವಲ್ಪ ಭಯವಾಗುತ್ತದೆ.

*

ಈ ಹಬ್ಬದ ಅತ್ಯಂತ ಪ್ರಸಿದ್ಧ ಪಠ್ಯ ಬರಹವಲ್ಲ, ಚಿತ್ರ. ನಾರ್ಮನ್ ರಾಕ್‌ವೆಲ್‌ನ ‘ಫ್ರೀಡಂ ಫ್ರಂ ವಾಂಟ್’. ರೂಸ್‌ವೆಲ್ಟ್ 1941ರ ಜನವರಿಯಲ್ಲಿ ನಾಲ್ಕು ಸ್ವಾತಂತ್ರ್ಯಗಳ ಬಗ್ಗೆ ಮಾಡಿದ ಭಾಷಣವನ್ನು ಆಧರಿಸಿ ರಾಕ್‌ವೆಲ್ ನಾಲ್ಕು ಚಿತ್ರ ಬರೆದ. ಕೊರತೆಯಿಂದ ಬಿಡುಗಡೆ ಎಂಬುದು ಅವುಗಳಲ್ಲೊಂದು. ಬಿಳಿ ಮೇಜುಬಟ್ಟೆ, ಬಿಳಿ ಪರದೆ, ನೀರಿನ ಲೋಟಗಳು, ದೊಡ್ಡ ಟರ್ಕಿಯನ್ನು ಮೇಜಿಗಿಡುತ್ತಿರುವ ಅಜ್ಜಿ, ಹಿಂದೆ ನಿಂತ ಅಜ್ಜ, ಎರಡೂ ಬದಿ ನಗುವ ಮುಖಗಳು. ಕೆಳಗಿನ ಬಲ ಮೂಲೆಯಲ್ಲಿ ಒಬ್ಬ ನೇರವಾಗಿ ನಮ್ಮ ಕಡೆ ತಿರುಗಿ ನೋಡುತ್ತಾನೆ. ಚಿತ್ರದ ಗೆಲುವಿರುವುದು ಆ ನೋಟದಲ್ಲಿ. ನೋಡುವವರೆಲ್ಲ ಬಾಗಿಲಲ್ಲಿ ನಿಂತ ಅತಿಥಿಗಳಾಗುತ್ತೇವೆ. ನನಗೂ ಹಾಗೇ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅಮ್ಮನ ಪ್ರಶ್ನೆಗೆ ಉತ್ತರ ಕೂಡ ಈ ಚಿತ್ರದಲ್ಲಿದೆ: ಏಪ್ರನ್ ಕಟ್ಟಿಕೊಂಡ, ಕೈ ಖಾಲಿಯಿಲ್ಲದ ಆ ಅಜ್ಜಿ.

ಚಿತ್ರ ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಪತ್ರಿಕೆಯ 1943ರ ಮಾರ್ಚ್ 6ರ ಸಂಚಿಕೆಯಲ್ಲಿ ಬಂತು. ಅದರ ಜೊತೆಗೆ ಒಂದು ಪ್ರಬಂಧವೂ ಅಚ್ಚಾಗಿತ್ತು. ಬರೆದವರು ಕಾರ್ಲೋಸ್ ಬುಲೋಸಾನ್. ಫಿಲಿಪ್ಪೀನ್ಸಿನ ರೈತ ಕುಟುಂಬದಲ್ಲಿ ಹುಟ್ಟಿ, 1930ರಲ್ಲಿ ಅಮೆರಿಕಕ್ಕೆ ಬಂದು, ಪಶ್ಚಿಮ ಕರಾವಳಿಯಲ್ಲಿ ಕೂಲಿ ಮಾಡಿ, ಕಾರ್ಮಿಕ ಸಂಘಟನೆಯಲ್ಲಿ ದುಡಿದು, ಓದಿ ಬರಹಗಾರರಾದವರು. ಮುಂದೆ 1946ರಲ್ಲಿ ‘ಅಮೆರಿಕ ಈಸ್ ಇನ್ ದ ಹಾರ್ಟ್’ ಎಂಬ ಪುಸ್ತಕ ಬರೆದರು.

ಅವರ ಪ್ರಬಂಧವೂ ‘ನಾವು’ ಎಂದೇ ಮಾತಾಡುತ್ತದೆ. ಆದರೆ ಅದು ಹೊಲ, ಕಾರ್ಖಾನೆಗಳಲ್ಲಿ ದುಡಿಯುವವರ ‘ನಾವು’. ಹೊಟ್ಟೆ ತುಂಬದೆ ಸ್ವಾತಂತ್ರ್ಯದ ಅರ್ಥ ತಿಳಿಯುವುದಿಲ್ಲ, ನಮ್ಮ ದುಡಿಮೆಯ ಫಲ ನಮಗೆ ಇನ್ನೂ ಪೂರ್ತಿ ಬಂದಿಲ್ಲ ಎಂಬುದು ಅದರ ಒಟ್ಟು ಮಾತು. ಒಂದೇ ಸಂಚಿಕೆಯಲ್ಲಿ ಒಂದು ಕಡೆ ತುಂಬಿದ ಮೇಜು, ಇನ್ನೊಂದು ಕಡೆ ಆ ಮೇಜಿಗೆ ಬೆಳೆದು ಕೊಟ್ಟವರ ದನಿ. ಸಂಪಾದಕರು ತಿಳಿದು ಮಾಡಿದರೋ ತಿಳಿಯದೆಯೋ, ಈ ಎರಡನ್ನು ಒಟ್ಟಿಗೆ ಓದಿದರೆ ಮಾತ್ರ ‘ಕೊರತೆಯಿಂದ ಬಿಡುಗಡೆ’ ಎಂಬ ಮಾತಿಗೆ ತೂಕ ಬರುತ್ತದೆ. ಮುಂದೆ ಚಿತ್ರ ಕ್ಯಾಲೆಂಡರು, ಪೋಸ್ಟರುಗಳಿಗೆ ಹೋಯಿತು. ಪ್ರಬಂಧ ಗ್ರಂಥಾಲಯದಲ್ಲಿ ಉಳಿಯಿತು.

ಬುಲೋಸಾನ್ ಅದನ್ನು ಬರೆದಾಗ ಫಿಲಿಪ್ಪೀನ್ಸಿನವರು ಸಾಮಾನ್ಯವಾಗಿ ಅಮೆರಿಕದ ನಾಗರಿಕರಾಗುವಂತಿರಲಿಲ್ಲ. ಭಾರತೀಯರೂ ಆಗುವಂತಿರಲಿಲ್ಲ. ಇಬ್ಬರಿಗೂ ಆ ಬಾಗಿಲು ತೆರೆದದ್ದು ಒಂದೇ ಕಾನೂನು, 1946ರ ಲೂಸ್–ಸೆಲ್ಲರ್ ಕಾಯ್ದೆ. ಅದೂ ಎಷ್ಟು? ವಲಸೆಗೆ ವರ್ಷಕ್ಕೆ ನೂರು ಜನ. ಮೇಜಿನಲ್ಲಿ ನನಗೆ ಸಿಕ್ಕ ಕುರ್ಚಿಯ ಹಿಂದೆ ಇಂಥ ಒಂದು ಇತಿಹಾಸವಿದೆ ಎಂಬುದು ನನಗೆ ತಿಳಿದದ್ದು ಕುಂಬಳಕಾಯಿ ಪೈ ತಿಂದು ತಿಂಗಳುಗಳಾದ ಮೇಲೆ.

*

ಕೊನೆಯ ಪಠ್ಯ, ಓದಲು ಬಿಡದ ಒಂದು ಭಾಷಣ. 1970ರಲ್ಲಿ ಪಿಲ್‌ಗ್ರಿಮ್‌ಗಳು ಬಂದು 350 ವರ್ಷವಾದದ್ದರ ನೆನಪಿಗೆ ಮ್ಯಾಸಚೂಸೆಟ್ಸ್ ರಾಜ್ಯ ಔತಣವೊಂದನ್ನು ಏರ್ಪಡಿಸಿತು. ಮಾತಾಡಲು ವಾಂಪನೋಆಗ್ ಜನರ ಪರವಾಗಿ ಫ್ರ್ಯಾಂಕ್ ಜೇಮ್ಸ್ ಅವರನ್ನು ಕರೆದರು. ಅವರು ಸಂಗೀತದ ಮೇಷ್ಟ್ರು. ಭಾಷಣದ ಪ್ರತಿಯನ್ನು ಮೊದಲೇ ತರಿಸಿ ಓದಿದ ಸಂಘಟಕರು, ಇದು ಬೇಡ, ನಾವು ಬರೆದುಕೊಟ್ಟದ್ದನ್ನು ಓದಿ ಎಂದರು. ಅವರು ಒಪ್ಪಲಿಲ್ಲ. ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ದಿನವೇ ಪ್ಲಿಮತ್‌ನ ಕೋಲ್ಸ್ ಹಿಲ್ ಎಂಬ ದಿಬ್ಬದ ಮೇಲೆ, ಮಸಾಸಾಯಿಟ್‌ನ ಪ್ರತಿಮೆಯ ಬಳಿ ಜನ ಸೇರಿದರು. ಅದು ರಾಷ್ಟ್ರೀಯ ಶೋಕದ ದಿನವಾಗಿ ಇಂದಿಗೂ ಪ್ರತಿವರ್ಷ ನಡೆಯುತ್ತಿದೆ.

ಫ್ರ್ಯಾಂಕ್ ಜೇಮ್ಸ್ ‘ವಾಂಸಟ್ಟ’ ಎಂಬ ಹೆಸರನ್ನೂ ಇಟ್ಟುಕೊಂಡಿದ್ದರು. ಅದು ಮಸಾಸಾಯಿಟ್‌ನ ಹಿರಿಯ ಮಗನ ಹೆಸರು. ಕಿರಿಯ ಮಗ ಮೆಟಕಾಮ್‌ನನ್ನು ವಸಾಹತುಗಾರರು 1676ರಲ್ಲಿ ಯುದ್ಧದಲ್ಲಿ ಕೊಂದು, ತಲೆಯನ್ನು ಕಂಬಕ್ಕೆ ಚುಚ್ಚಿ ಪ್ಲಿಮತ್‌ನಲ್ಲೇ ವರ್ಷಗಟ್ಟಲೆ ನಿಲ್ಲಿಸಿದ್ದರು. ಐದು ಜಿಂಕೆ ತಂದವನ ಮಗ. ಔತಣಕ್ಕೂ ಆ ಕಂಬಕ್ಕೂ ನಡುವಿನ ಅಂತರ 55 ವರ್ಷ. ಭಾಷಣದಲ್ಲಿ ಜೇಮ್ಸ್, ಮಸಾಸಾಯಿಟ್ ಹೊಸಬರನ್ನು ಬರಮಾಡಿಕೊಂಡದ್ದು ನಮ್ಮವರು ಮಾಡಿದ ಎಲ್ಲಕ್ಕಿಂತ ದೊಡ್ಡ ತಪ್ಪಾಗಿರಬಹುದು ಎನ್ನುತ್ತಾರೆ. ಅತಿಥಿಸತ್ಕಾರವನ್ನೇ ತಪ್ಪೆಂದು ಕರೆಯಬೇಕಾಗಿ ಬರುವ ನೋವು ಎಂಥದ್ದು ಎಂದು ಯೋಚಿಸಿ. ಸಂಘಟಕರಿಗೆ ಬೇಕಾಗಿದ್ದದ್ದು ಒಬ್ಬ ಅತಿಥಿ. ಜೇಮ್ಸ್ ಅತಿಥೇಯರಾಗಿ ಮಾತಾಡಲು ಹೊರಟಿದ್ದರು. ಆದ್ದರಿಂದಲೇ ಈ ಭಾಷಣ ವಿನ್ಸ್‌ಲೋನ ಕಾಗದಕ್ಕೆ ಬಂದ ನಿಜವಾದ ಮರುಓಲೆ ಎಂದು ನಾನು ಓದುತ್ತೇನೆ.

ಎರಡನೆಯ ವರ್ಷದ ಥ್ಯಾಂಕ್ಸ್‌ಗಿವಿಂಗ್ ದಿನ ನಾನು ಸ್ನೇಹಿತರ ಕಾರಿನಲ್ಲಿ ಪ್ಲಿಮತ್‌ಗೆ ಹೋದೆ. ಬಾಸ್ಟನ್ನಿನಿಂದ ದಕ್ಷಿಣಕ್ಕೆ ಸುಮಾರು ನಲವತ್ತು ಮೈಲಿ. ಕಡಲ ಕಡೆಯಿಂದ ಚಳಿಗಾಳಿ. ಮಧ್ಯಾಹ್ನ ಹನ್ನೆರಡಕ್ಕೆ ದಿಬ್ಬದ ಮೇಲೆ ಮಾತುಗಳು ಶುರುವಾದವು. ಅಲ್ಲಿ ಮಾತಾಡುವವರು ಮೂಲನಿವಾಸಿಗಳು ಮಾತ್ರ, ನಮ್ಮಂಥವರು ಕೇಳಬೇಕು. ಬಂದವರಲ್ಲಿ ಬಹಳ ಜನ ಹಿಂದಿನ ಸಂಜೆಯಿಂದ ಉಪವಾಸವಿದ್ದರು. ಏಕಾದಶಿ, ಶಿವರಾತ್ರಿಗಳ ಉಪವಾಸ ನನಗೆ ಗೊತ್ತು. ಇಡೀ ದೇಶ ಉಣ್ಣುವ ದಿನವನ್ನೇ ಆರಿಸಿಕೊಂಡು ಹಸಿದಿರುವುದನ್ನು ನೋಡಿದ್ದು ಅದೇ ಮೊದಲು. ಎಲ್ಲ ಮುಗಿದ ಮೇಲೆ ಅವರೂ ಸೇರಿ ಉಣ್ಣುತ್ತಾರೆ. ನಾನು ಬೆಳಿಗ್ಗೆ ಬ್ರೆಡ್ಡು ತಿಂದೇ ಹೋಗಿದ್ದೆ ಎಂಬುದು ನೆನಪಾಗಿ ಕೈಗಳನ್ನು ಜೇಬಿನೊಳಗೆ ಇಟ್ಟುಕೊಂಡು ನಿಂತೆ.

ಸಂಜೆ ಮತ್ತೆ ಆ ಮನೆಗೇ ಹೋದೆ. ಈ ಸಲ ಮನೆಯೊಡತಿ ‘ನೀನೂ ಏನಾದರೂ ಮಾಡಿ ತಾ’ ಎಂದಿದ್ದರು. ಹಿಂದಿನ ರಾತ್ರಿಯೇ ಅಕ್ಕಿ ಪಾಯಸ ಮಾಡಿಟ್ಟಿದ್ದೆ. ಎಲ್ಲಿಂದ ಬಂದೆ ಎಂದು ಕೇಳಿದಾಗ ಸುಳ್ಳು ಹೇಳಲಾಗಲಿಲ್ಲ. ಮೇಜು ಸ್ವಲ್ಪ ಹೊತ್ತು ಸುಮ್ಮನಾಯಿತು. ‘ಹಾಗಾದರೆ ನಾವು ಈ ಹಬ್ಬ ಬಿಡಬೇಕಾ?’ ಎಂದು ಅವರು ಕೇಳಿದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಇಂಗ್ಲಿಷ್ ಬಾರದ ಒಬ್ಬ ಅಜ್ಜಿ ಈ ದೇಶದವಳಾದದ್ದು ಇದೇ ಟರ್ಕಿಯಿಂದ. ಅದನ್ನು ಬಿಡಿ ಎನ್ನಲು ನಾನು ಯಾರು? ನನಗೆ ಗೊತ್ತಿದ್ದ ಒಂದನ್ನು ಮಾತ್ರ ಹೇಳಿದೆ. ವಿನ್ಸ್‌ಲೋನ ಕಾಗದದಲ್ಲಿ ಟರ್ಕಿ ಇಲ್ಲ, ಐದು ಜಿಂಕೆಗಳಿವೆ, ಅವನ್ನು ತಂದವರು ವಾಂಪನೋಆಗ್ ಜನ ಎಂದೆ. ಅವರ ಅಳಿಯ ಬೇಟೆಯ ಹವ್ಯಾಸದವರು. ಮನಸ್ಸಿನಲ್ಲೇ ಲೆಕ್ಕ ಹಾಕಿ, ‘ಐದು ಜಿಂಕೆ ಅಂದರೆ ಬಹಳ ಮಾಂಸ. ಹಾಗಾದರೆ ಊಟ ಹಾಕಿದ್ದು ಅವರೇ ಅಲ್ಲವಾ’ ಎಂದರು. ಹುಡುಗ ಅವರ ಮುಖ ನೋಡಿದ. ಅವನ ತಲೆಯ ಮೇಲೆ ಆ ವರ್ಷ ಟೋಪಿ ಇರಲಿಲ್ಲ.

*

ಇಷ್ಟಕ್ಕೇ ನಿಲ್ಲಿಸಿದರೆ ಈ ಬರಹ ಸುಲಭವಾಗಿಬಿಡುತ್ತದೆ. ಬೇರೆಯವರ ಹಬ್ಬದ ಕತೆಯಲ್ಲಿ ತೂತು ಹುಡುಕುವುದು ಹೊಸಬರಿಗೆ ಕಷ್ಟವಲ್ಲ.

ಅಮ್ಮನ ತವರಿನ ಅಜ್ಜಯ್ಯ ಹೊಸ್ತಿನ ದಿನ ಹೇಳುತ್ತಿದ್ದ ಕತೆಯೊಂದಿದೆ. ಆಗೆಲ್ಲ ಹೊಸ್ತೆಂದರೆ ಊರಿಗೆ ಊರೇ ನಮ್ಮ ಮನೆಯಲ್ಲಿ ಉಣ್ಣುತ್ತಿತ್ತು, ನಾವು ಎಲ್ಲರಿಗೂ ಬಡಿಸುತ್ತಿದ್ದೆವು, ಈಗ ಆ ಕಾಲ ಹೋಯಿತು. ಊಟ ಮುಗಿಸಿದ ಹಿರಿಯರು ‘ಅನ್ನದಾತಾ ಸುಖೀಭವ’ ಎನ್ನುತ್ತಿದ್ದರು. ಅನ್ನದಾತ ಎಂದರೆ ಅಜ್ಜಯ್ಯ. ಪತ್ರಿಕೆಗಳಲ್ಲಿ ಅನ್ನದಾತ ಎಂದರೆ ರೈತ ಎಂಬುದನ್ನು ನಾನು ಶಾಲೆಗೆ ಹೋದ ಮೇಲೆ ಓದಿದೆ. ಒಂದೇ ಪದದ ಈ ಎರಡು ಅರ್ಥಗಳು ನನ್ನ ತಲೆಯಲ್ಲಿ ಇಪ್ಪತ್ತು ವರ್ಷ ಒಂದನ್ನೊಂದು ಮುಟ್ಟದೆ ಇದ್ದವು.

ಹೊಸ್ತಿನ ಪಾಯಸಕ್ಕೆ ಹೊಸ ಅಕ್ಕಿಯ ನಾಲ್ಕು ಕಾಳು ಸೇರಿಸಿದರೆ ಸಾಕು. ಉಳಿದ ಅಕ್ಕಿ ಬಂದದ್ದು ಉಪ್ಪರಿಗೆಯಲ್ಲಿ ಪೇರಿಸಿಟ್ಟ ಮುಡಿಗಳಿಂದ. ಮುಡಿಗಳು ಬಂದದ್ದು ಗೇಣಿಯಿಂದ. ಗೇಣಿ ತಂದದ್ದು ಒಕ್ಕಲುಗಳು. ತಾವು ಬೆಳೆದು, ಹುಲ್ಲಿನಲ್ಲಿ ಮುಡಿ ಕಟ್ಟಿ, ಹೊತ್ತು ತಂದು ಕೊಟ್ಟ ಅಕ್ಕಿಯನ್ನೇ ಅವರು ಅಂಗಳದಲ್ಲಿ ಕೂತು ಉಂಡರು. ಕೊಯ್ಲಿನ ಕೆಲಸದವರು ಅಂಗಳದಿಂದಲೂ ಆಚೆ ಕೂತು ಉಂಡರು. ಜಗಲಿಯಲ್ಲಿ ಕೂತ ನಮ್ಮವರು ಅದನ್ನು ‘ನಾವು ಊರಿಗೆ ಉಣಬಡಿಸಿದೆವು’ ಎಂದು ಕತೆ ಮಾಡಿದೆವು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಕಾನೂನಿನ ಪ್ರಕಾರ ಮುಗಿಯಿತು, ಒಕ್ಕಲುಗಳು ಡಿಕ್ಲರೇಷನ್ ಹಾಕಿ ಜಮೀನು ಪಡೆದರು. ನಮ್ಮ ಮನೆಯ ಭಾಷೆಯಲ್ಲಿ ಅದಕ್ಕೆ ‘ಡಿಕ್ಲರೇಷನ್ನಲ್ಲಿ ಹೋಯಿತು’ ಎನ್ನುತ್ತಾರೆ. ಹೋದದ್ದು ಎಂದರೆ ಅದು ನಮ್ಮದಾಗಿತ್ತು ಎಂದಾಯಿತು. ವಿನ್ಸ್‌ಲೋನ ಕರ್ತೃಪದಗಳನ್ನು ಎಣಿಸಲು ನನಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಅಜ್ಜಯ್ಯನ ‘ನಾವು’ ಕಿವಿಗೆ ಬೀಳಲು ಇಷ್ಟು ದೂರ ಬರಬೇಕಾಯಿತು. ಬಾಸ್ಟನ್ನಿನ ಮನೆಯಲ್ಲಿ ನನಗಿಟ್ಟ ಬೇರೆ ಪಾತ್ರೆ ಅಕ್ಕರೆಯದ್ದು. ಅಜ್ಜಯ್ಯನ ಮನೆಯ ಅಂಗಳದ ಬೇರೆ ಪಾತ್ರೆಗಳನ್ನು ಯಾವ ಪದದಿಂದ ಕರೆಯುತ್ತಾರೆಂದು ಎಲ್ಲರಿಗೂ ಗೊತ್ತು.

ವಿನ್ಸ್‌ಲೋ ಜಿಂಕೆಗಳನ್ನಾದರೂ ಎಣಿಸಿದ್ದ. ಅಜ್ಜಯ್ಯನ ಕತೆಯಲ್ಲಿ ಮುಡಿಗಳ ಲೆಕ್ಕವೇ ಇರಲಿಲ್ಲ.

ಪ್ಲಿಮತ್‌ನಿಂದ ಬಂದ ಆ ರಾತ್ರಿ ಅಮ್ಮನಿಗೆ ಫೋನು ಮಾಡಿದೆ. ಅವಳಿಗೆ ಆಗ ಏಳೆಂಟು ವರ್ಷ ಇರಬೇಕು. ಹೊಸ್ತಿನ ದಿನ ನಿನ್ನ ಕೆಲಸ ಏನಿತ್ತು ಎಂದು ಕೇಳಿದೆ. ಅಂಗಳದಲ್ಲಿ ಕೂತವರಿಗೆ ಮೇಲಿನಿಂದ ನೀರು ಹೊಯ್ಯುವುದು ಎಂದಳು. ಅವಳೂ ಅಮ್ಮಮ್ಮನೂ ಉಣ್ಣುವಾಗ ಸಂಜೆಯಾಗುತ್ತಿತ್ತಂತೆ. ಬಡಿಸಿದ್ದು ಯಾರು ಎಂದು ಅವಳು ಹೋದ ವರ್ಷ ಕೇಳಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು.

‘ಮುಡಿ ತರ್ತಿದ್ದವರು ಯಾರ್ಯಾರು, ನೆನಪುಂಟಾ?’ ಎಂದೆ.

ಆಚೆ ಕಡೆ ಸ್ವಲ್ಪ ಹೊತ್ತು ಮೌನ. ಮೇಲೆ ಹತ್ತಿಸಿ ಮುಡಿಯ ಮೇಲೆ ಕೂರಿಸುತ್ತಿದ್ದವನೊಬ್ಬನ ಹೆಸರಿನಿಂದ ಶುರುಮಾಡಿ ಅಮ್ಮ ಒಂದೊಂದೇ ಹೆಸರು ಹೇಳತೊಡಗಿದಳು. ನಾನು ಬರೆದುಕೊಳ್ಳುತ್ತ ಹೋದೆ.